ಕೌನ್ಸೆಲರ್ ಆಗಲು ಸ್ನಾತಕೋತ್ತರ ತರಬೇತಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೌನ್ಸೆಲಿಂಗ್ ಕಲಿಸುತ್ತೇನೆ, ಕಲಿಯುವವರ ಸೆಷನ್‌ಗಳಿಗೆ ಸೂಪರ್‌ವೈಸರ್ ಆಗಿಯೂ ಇರುತ್ತೇನೆ. ಅಡ್ಮಿಷನ್ ಸಮಯದಲ್ಲಿ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಸಿಲಬಸ್, ಫೀಸು, ಸರ್ಟಿಫಿಕೇಟಿನ ಬಗ್ಗೆಯೇ ಇರುತ್ತವೆ. ಅವೂ ಬೇಕು. ಆದರೆ ಯಾರ ಮುಂದೆ ಕೂತು ಕಲಿಯುತ್ತೀರಿ, ಕಲಿಯುವಾಗ ನಿಮ್ಮ ಪಕ್ಕ ಯಾರಿರುತ್ತಾರೆ ಎನ್ನುವುದು ಅದಕ್ಕಿಂತ ದೊಡ್ಡ ವಿಷಯ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಕೆಲವು ಉದ್ದ, ಕೆಲವು ತೀರಾ ಚಿಕ್ಕವು.

ಪದವಿಯಲ್ಲಿ ಮನಃಶಾಸ್ತ್ರ ಓದಿಲ್ಲ. ಸೇರಬಹುದಾ?

ಅನೇಕ ಕಡೆ ಸೇರಬಹುದು. ವಾಣಿಜ್ಯ, ಎಂಜಿನಿಯರಿಂಗ್, ಸಾಹಿತ್ಯ ಓದಿದವರು, ಶಿಕ್ಷಕರು, ನರ್ಸ್‌ಗಳು ಎಲ್ಲರೂ ಬರುತ್ತಾರೆ. ಕೆಲವು ವಿಶ್ವವಿದ್ಯಾಲಯಗಳು ಮೊದಲು ಒಂದೆರಡು ಪೂರ್ವಭಾವಿ ಪೇಪರ್ ಮುಗಿಸಿ ಎನ್ನುತ್ತವೆ. ಸಾಮಾನ್ಯವಾಗಿ ಅಂಕಿಅಂಶ ಶಾಸ್ತ್ರ, ಬೆಳವಣಿಗೆಯ ಮನಃಶಾಸ್ತ್ರ, ಅಸಹಜ ಮನಃಶಾಸ್ತ್ರ. ಮನಃಶಾಸ್ತ್ರ ಓದಿ ಬಂದವರಿಗೆ ಮೊದಲ ಸೆಮಿಸ್ಟರ್ ಸ್ವಲ್ಪ ಹಗುರ ಅನ್ನಿಸಬಹುದು. ಕ್ಲೈಂಟ್ ಎದುರು ಕೂತ ದಿನ ಆ ವ್ಯತ್ಯಾಸ ಹೆಚ್ಚು ಉಳಿಯುವುದಿಲ್ಲ.

ಕೌನ್ಸೆಲರ್, ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್: ಯಾರು ಏನು?

ಸೈಕಿಯಾಟ್ರಿಸ್ಟ್ ಅಂದರೆ ವೈದ್ಯರು. ಎಂಬಿಬಿಎಸ್ ಅಥವಾ ಅದಕ್ಕೆ ಸಮನಾದ ಪದವಿ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಪರಿಣತಿ ಪಡೆದವರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾನಸಿಕ ಪರೀಕ್ಷೆಗಳನ್ನು ಮಾಡುತ್ತಾರೆ, ಕಾಯಿಲೆ ಗುರುತಿಸುತ್ತಾರೆ, ಥೆರಪಿ ಕೊಡುತ್ತಾರೆ. ಕೌನ್ಸೆಲರ್ ಕೆಲಸ ಮುಖ್ಯವಾಗಿ ಮಾತಿನ ಮೂಲಕ: ದುಃಖ, ಆತಂಕ, ಸಂಬಂಧದ ಬಿಕ್ಕಟ್ಟು, ಓದು, ಕೆಲಸ, ಚಟ, ಬದುಕಿನ ತಿರುವುಗಳು.

ಈ ಗೆರೆಗಳು ಎಲ್ಲ ದೇಶಗಳಲ್ಲೂ ಒಂದೇ ಥರ ಇಲ್ಲ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಲೈಸೆನ್ಸ್ ಇರುವ ಕೌನ್ಸೆಲರ್ ಕಾಯಿಲೆಯನ್ನು ಗುರುತಿಸಿ ಚಿಕಿತ್ಸೆಯನ್ನೂ ಕೊಡಬಹುದು. ಬೇರೆ ಕಡೆ ಆ ಅಧಿಕಾರ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ವೈದ್ಯರದ್ದು. ಎಲ್ಲಿ ಕೆಲಸ ಮಾಡಬೇಕು ಅಂತ ಮೊದಲು ತೀರ್ಮಾನಿಸಿ, ಆಮೇಲೆ ಕೋರ್ಸ್ ನೋಡಿ.

ಎಷ್ಟು ವರ್ಷ? ಏನೇನು ಕಲಿಸುತ್ತಾರೆ?

ಪೂರ್ಣಾವಧಿ ಓದಿದರೆ ಎರಡರಿಂದ ಮೂರು ವರ್ಷ. ಕೆಲಸ ಮಾಡುತ್ತಾ ಓದುವವರಿಗೆ ಇನ್ನೂ ಜಾಸ್ತಿ.

ಪಾಠಗಳ ಅಂದಾಜು ಬೇಕಿದ್ದರೆ ಅಮೆರಿಕದಲ್ಲಿ ಕೌನ್ಸೆಲಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಕೇಕ್ರೆಪ್ ಸಂಸ್ಥೆಯ ಪಟ್ಟಿ ನೋಡಿ. ಈ ಸಂಸ್ಥೆ ಶುರುವಾದದ್ದು 1981ರಲ್ಲಿ. ಅದು ಎಂಟು ಮೂಲ ವಿಷಯಗಳನ್ನು ಹೇಳುತ್ತದೆ: ವೃತ್ತಿಯ ನೀತಿ, ಸಾಮಾಜಿಕ ಮತ್ತು ಸಾಂಸ್ಕೃತಿಕ ವೈವಿಧ್ಯ, ಮನುಷ್ಯನ ಬೆಳವಣಿಗೆ, ವೃತ್ತಿ ಮಾರ್ಗದರ್ಶನ, ಕೌನ್ಸೆಲಿಂಗ್ ಕೌಶಲ ಮತ್ತು ಸಂಬಂಧ, ಗುಂಪು ಕೌನ್ಸೆಲಿಂಗ್, ಪರೀಕ್ಷೆ ಮತ್ತು ಮಾಪನ, ಸಂಶೋಧನೆ. ಒಟ್ಟು 60 ಸೆಮಿಸ್ಟರ್ ಕ್ರೆಡಿಟ್. ಬೇರೆ ದೇಶಗಳ ಒಳ್ಳೆಯ ಕೋರ್ಸ್‌ಗಳಲ್ಲೂ ಹೆಸರು ಬದಲಾದರೂ ಹೆಚ್ಚುಕಡಿಮೆ ಇವೇ ಇರುತ್ತವೆ.

ಪಟ್ಟಿಯಲ್ಲಿ ವೃತ್ತಿ ಮಾರ್ಗದರ್ಶನ ಯಾಕಿದೆ ಅಂತ ಕೇಳುವವರಿದ್ದಾರೆ. ಈ ವೃತ್ತಿಯ ಒಂದು ಬೇರು ಇರುವುದೇ ಅಲ್ಲಿ. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಬಾಸ್ಟನ್ ನಗರದಲ್ಲಿ ಯುವಕರಿಗೆ ಉದ್ಯೋಗ ಆರಿಸಿಕೊಳ್ಳಲು ನೆರವಾಗುವ ಕಚೇರಿ ತೆರೆದರು. ಕೆಲಸ ಮತ್ತು ಮನಸ್ಸು ಬೇರೆ ಬೇರೆ ಅಲ್ಲ ಅನ್ನುವುದು ಅಂದಿನಿಂದ ಇರುವ ಮಾತು. ಕೆಲಸ ಕಳೆದುಕೊಂಡವರು ನಿಮ್ಮ ಎದುರು ಕೂತಾಗ ಈ ಪೇಪರಿನ ಬೆಲೆ ಗೊತ್ತಾಗುತ್ತದೆ.

ಎಲ್ಲರೂ ನನ್ನ ಹತ್ತಿರವೇ ಕಷ್ಟ ಹೇಳಿಕೊಳ್ಳುತ್ತಾರೆ. ನನಗೆ ಕೇಳಿಸಿಕೊಳ್ಳುವ ಗುಣ ಇದೆ. ಅಷ್ಟು ಸಾಕಲ್ವಾ?

ಒಳ್ಳೆಯ ಗುಣ, ಅದನ್ನು ಬಿಡಬೇಡಿ. ಆದರೆ ಸಾಲದು.

ಸ್ನೇಹಿತರೊಬ್ಬರು ಬಂದು "ಈ ಕೆಲಸ ಬಿಟ್ಟುಬಿಡೋಣ ಅನ್ನಿಸ್ತಿದೆ" ಅಂದರು ಅಂತಿಟ್ಟುಕೊಳ್ಳಿ. ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? "ಬೇರೆ ಸಿಗೋವರೆಗೂ ಬಿಡಬೇಡ" ಅಂತ ಸಲಹೆ ಕೊಡುತ್ತೇವೆ. "ನನಗೂ ಹೋದ ವರ್ಷ ಹೀಗೇ ಆಗಿತ್ತು" ಅಂತ ನಮ್ಮ ಕಥೆ ಶುರುಮಾಡುತ್ತೇವೆ. "ಎಲ್ಲ ಸರಿಹೋಗುತ್ತೆ ಬಿಡು" ಅಂತ ಸಮಾಧಾನ ಹೇಳುತ್ತೇವೆ. ಮೂರರಲ್ಲೂ ಪ್ರೀತಿ ಇದೆ. ಆದರೆ ಮೂರರಲ್ಲೂ ಮಾತು ಅವರಿಂದ ನಮ್ಮ ಕಡೆಗೆ ಬಂದುಬಿಟ್ಟಿತು. ಕೆಲಸ ಬಿಡಬೇಕು ಅನ್ನಿಸಿದ್ದರ ಹಿಂದೆ ಏನಿತ್ತೋ ಅದು ಹೊರಗೆ ಬರಲೇ ಇಲ್ಲ. ಅವಮಾನ ಇತ್ತೋ, ಸುಸ್ತು ಇತ್ತೋ, ಯಾರದಾದರೂ ಕಿರುಕುಳ ಇತ್ತೋ ಗೊತ್ತಿಲ್ಲ.

ತರಬೇತಿಯ ಮೊದಲ ಕೆಲಸ ಈ ಅಭ್ಯಾಸವನ್ನು ನಿಧಾನವಾಗಿ ಬಿಡಿಸುವುದು. 1960ರ ದಶಕದಲ್ಲಿ ಅಲೆನ್ ಐವಿ ಮತ್ತು ಅವರ ಜೊತೆಯವರು ಕೌನ್ಸೆಲಿಂಗನ್ನು ಚಿಕ್ಕ ಚಿಕ್ಕ ಕೌಶಲಗಳಾಗಿ ಬಿಡಿಸಿ ಕಲಿಸಲು ಶುರುಮಾಡಿದರು. ಗಮನ ಕೊಟ್ಟು ಕೂರುವುದು, ಮುಕ್ತ ಪ್ರಶ್ನೆ ಕೇಳುವುದು, ಹೇಳಿದ್ದನ್ನು ನಮ್ಮ ಮಾತಲ್ಲಿ ತಿರುಗಿ ಹೇಳುವುದು, ಮಾತಿನ ಹಿಂದಿನ ಭಾವನೆಯನ್ನು ಹೆಸರಿಸುವುದು, ಕೊನೆಗೆ ಒಟ್ಟುಮಾಡಿ ಹೇಳುವುದು. ಒಂದೊಂದನ್ನೂ ಬೇರೆಬೇರೆಯಾಗಿ ಅಭ್ಯಾಸ ಮಾಡಿಸುತ್ತಾರೆ, ರೆಕಾರ್ಡ್ ಮಾಡಿ ನೋಡುತ್ತಾರೆ. ಇವತ್ತಿಗೂ ಬಹುಪಾಲು ಕೋರ್ಸ್‌ಗಳ ಮೊದಲ ಸೆಮಿಸ್ಟರ್ ಇದೇ ದಾರಿಯಲ್ಲಿ ಸಾಗುತ್ತದೆ.

ಶುರುವಿನಲ್ಲಿ ಇದು ತುಂಬ ಕೃತಕ ಅನ್ನಿಸುತ್ತದೆ. ಚೆನ್ನಾಗಿ ಮಾತಾಡುತ್ತಿದ್ದವರೂ ತಡವರಿಸುತ್ತಾರೆ. ಈಜು ಬರುತ್ತೆ ಅಂದುಕೊಂಡವರಿಗೆ ಕೋಚ್ ಬಂದು ಉಸಿರಾಟ ತಿದ್ದಿದರೆ ಮೊದಲ ವಾರ ಮುಳುಗಿದ ಹಾಗೇ ಆಗುತ್ತದಲ್ಲ, ಅದೇ ಥರ. ಕೆಲವು ತಿಂಗಳಲ್ಲಿ ಸರಿಯಾಗುತ್ತದೆ.

ಪ್ರಾಕ್ಟಿಕಮ್, ಇಂಟರ್ನ್‌ಶಿಪ್ ಎರಡೂ ಒಂದೇನಾ?

ಅಲ್ಲ. ಪ್ರಾಕ್ಟಿಕಮ್ ಅಂದರೆ ಮೊದಲ ಬಾರಿ ನಿಜವಾದ ಕ್ಲೈಂಟ್ ಜೊತೆ, ತೀರಾ ಹತ್ತಿರದ ಮೇಲ್ವಿಚಾರಣೆಯಲ್ಲಿ ಕೂರುವುದು. ಇಂಟರ್ನ್‌ಶಿಪ್ ಅಂದರೆ ಒಂದು ಆಸ್ಪತ್ರೆ, ಶಾಲೆ, ಸಮುದಾಯ ಕೇಂದ್ರದಲ್ಲಿ ಅಲ್ಲಿನ ಸಿಬ್ಬಂದಿ ಥರವೇ ಕೆಲಸ ಮಾಡುವುದು.

ಕೇಕ್ರೆಪ್ ಲೆಕ್ಕದಲ್ಲಿ ಪ್ರಾಕ್ಟಿಕಮ್ ಕನಿಷ್ಠ 100 ಗಂಟೆ, ಅದರಲ್ಲಿ 40 ಗಂಟೆ ನೇರವಾಗಿ ಕ್ಲೈಂಟ್ ಜೊತೆ. ಇಂಟರ್ನ್‌ಶಿಪ್ 600 ಗಂಟೆ, ಅದರಲ್ಲಿ 240 ಗಂಟೆ ನೇರ. ಬ್ರಿಟನ್ನಿನ ಕೌನ್ಸೆಲರ್‌ಗಳ ಸಂಘವಾದ ಬಿಎಸಿಪಿ ಮಾನ್ಯ ಮಾಡುವ ಕೋರ್ಸ್‌ಗಳಲ್ಲಿ ಕನಿಷ್ಠ 100 ಗಂಟೆ ಕ್ಲೈಂಟ್ ಕೆಲಸ ಇರಬೇಕು, ಅದೂ ಸೂಪರ್‌ವಿಷನ್ ಅಡಿಯಲ್ಲಿ.

ಒಟ್ಟು ಗಂಟೆ ಮತ್ತು ನೇರ ಗಂಟೆ, ಈ ಎರಡರ ವ್ಯತ್ಯಾಸ ಚೆನ್ನಾಗಿ ನೋಡಿಕೊಳ್ಳಿ. ನೋಟ್ಸ್ ಬರೆಯುವುದು, ಮೀಟಿಂಗ್‌ಗಳಲ್ಲಿ ಕೂರುವುದು, ಫೈಲ್ ಓದುವುದು ಎಲ್ಲ ಒಟ್ಟು ಗಂಟೆಗೆ ಸೇರುತ್ತವೆ. ಕೆಲವು ಕೋರ್ಸ್‌ಗಳು "ನೂರಾರು ಗಂಟೆ ಫೀಲ್ಡ್ ವರ್ಕ್" ಅಂತ ಹೇಳಿಕೊಳ್ಳುತ್ತವೆ. ಬಿಡಿಸಿ ಕೇಳಿದರೆ ಬೇರೆಯವರು ಕೌನ್ಸೆಲಿಂಗ್ ಮಾಡುವುದನ್ನು ಮೂಲೆಯಲ್ಲಿ ಕೂತು ನೋಡುವುದು, ಜಾಗೃತಿ ಶಿಬಿರದಲ್ಲಿ ಪೋಸ್ಟರ್ ಹಿಡಿಯುವುದು ಅಷ್ಟೇ ಆಗಿರುತ್ತದೆ. ನೋಡಿ ಕಲಿಯುವುದು ಸ್ವಲ್ಪ ದಿನಕ್ಕೆ ಸರಿ. ಅದರಲ್ಲೇ ಪದವಿ ಮುಗಿದರೆ ನಿಮ್ಮ ಮೊದಲ ಕ್ಲೈಂಟ್‌ಗೆ ಅನ್ಯಾಯ.

ಸೂಪರ್‌ವಿಷನ್ ಅಂದರೇನು? ಯಾರೋ ಬಂದು ಇನ್‌ಸ್ಪೆಕ್ಷನ್ ಮಾಡುತ್ತಾರಾ?

ಇನ್‌ಸ್ಪೆಕ್ಷನ್ ಅಲ್ಲ. ಅನುಭವಿ ಕೌನ್ಸೆಲರ್ ಒಬ್ಬರ ಜೊತೆ ವಾರವಾರ ಕೂತು ನಿಮ್ಮ ಸೆಷನ್‌ಗಳನ್ನು ಬಿಡಿಸಿ ನೋಡುವುದು. ಪ್ರಾಕ್ಟಿಕಮ್ ನಡೆಯುವಾಗ ವಾರಕ್ಕೆ ಸರಾಸರಿ ಒಂದು ಗಂಟೆ ಒಬ್ಬೊಬ್ಬರಿಗೆ ಅಥವಾ ಇಬ್ಬಿಬ್ಬರಿಗೆ, ಜೊತೆಗೆ ಒಂದೂವರೆ ಗಂಟೆ ಗುಂಪಿನಲ್ಲಿ ಅಂತ ಕೇಕ್ರೆಪ್ ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ತರಬೇತಿಯ ಜೀವ ಇರುವುದು ಇಲ್ಲೇ.

ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ವಿದ್ಯಾರ್ಥಿ ತನ್ನ ಮೂರನೇ ಸೆಷನ್ ರೆಕಾರ್ಡಿಂಗ್ ತಂದಿದ್ದಾನೆ. ಸೆಷನ್ ಚೆನ್ನಾಗಿ ಹೋಯಿತು ಅಂತ ಅವನ ಲೆಕ್ಕ. ಪ್ಲೇ ಮಾಡುತ್ತಾರೆ. ಕ್ಲೈಂಟ್ ಹೇಳುತ್ತಿದ್ದಾರೆ: "ಮನೇಲಿ ಎಲ್ಲರೂ ಚೆನ್ನಾಗಿಯೇ ನೋಡಿಕೊಳ್ತಾರೆ. ನನಗೇ ಯಾಕೋ…" ಅಲ್ಲಿಗೆ ಕ್ಲೈಂಟ್ ಮಾತು ನಿಲ್ಲಿಸಿದರು. ನಾಲ್ಕೈದು ಸೆಕೆಂಡು ಮೌನ. ಆಮೇಲೆ ವಿದ್ಯಾರ್ಥಿಯ ಧ್ವನಿ, ಸ್ವಲ್ಪ ಜೋರಾಗಿ: "ನಿದ್ದೆ ಹೇಗೆ ಬರ್ತಿದೆ?"

ಸೂಪರ್‌ವೈಸರ್ ಅಲ್ಲಿಗೆ ರೆಕಾರ್ಡಿಂಗ್ ನಿಲ್ಲಿಸುತ್ತಾರೆ. ನಿದ್ದೆಯ ಪ್ರಶ್ನೆ ತಪ್ಪು ಅಂತ ಹೇಳುವುದಿಲ್ಲ. "ಆ ಮೌನದಲ್ಲಿ ನಿಮಗೆ ಏನಾಗ್ತಿತ್ತು?" ಅಂತ ಕೇಳುತ್ತಾರೆ. ಅವನು ಯೋಚಿಸಿ ಹೇಳುತ್ತಾನೆ: "ಅವರು ಅತ್ತುಬಿಡ್ತಾರೆ ಅನ್ನಿಸ್ತು. ಅತ್ತರೆ ಏನು ಮಾಡಬೇಕು ಗೊತ್ತಿರಲಿಲ್ಲ." ನಿದ್ದೆಯ ಪ್ರಶ್ನೆ ಕ್ಲೈಂಟ್‌ಗಾಗಿ ಬಂದದ್ದಲ್ಲ, ತನ್ನ ಗಾಬರಿಯಿಂದ ಬಂದದ್ದು ಅಂತ ಅವನಿಗೇ ಕಾಣಿಸುತ್ತದೆ. ಮುಂದಿನ ಅರ್ಧ ಗಂಟೆ ಅವನು ಅಳುವಿನ ಎದುರು ಹೇಗೆ ಕೂರುತ್ತಾನೆ, ಯಾಕೆ ಹೆದರುತ್ತಾನೆ ಅನ್ನುವುದರ ಬಗ್ಗೆಯೇ ಮಾತು. ಮುಂದಿನ ವಾರ ಆ "ನನಗೇ ಯಾಕೋ" ಅನ್ನುವಲ್ಲಿಗೆ ಕ್ಲೈಂಟ್ ಜೊತೆ ಮತ್ತೆ ಹೇಗೆ ಹೋಗಬಹುದು ಅಂತ ಇಬ್ಬರೂ ಸೇರಿ ನೋಡುತ್ತಾರೆ.

ಹೀಗೆ ರೆಕಾರ್ಡಿಂಗ್ ನಿಲ್ಲಿಸಿ ಆ ಗಳಿಗೆಯ ಯೋಚನೆ, ಭಾವನೆಯನ್ನು ನೆನಪಿಸಿಕೊಳ್ಳುವ ವಿಧಾನವನ್ನು ರೂಪಿಸಿದವರು ನಾರ್ಮನ್ ಕೇಗನ್, 1960ರ ದಶಕದಲ್ಲಿ. ಸೂಪರ್‌ವೈಸರ್ ಒಮ್ಮೊಮ್ಮೆ ಶಿಕ್ಷಕ, ಒಮ್ಮೊಮ್ಮೆ ಕೌನ್ಸೆಲರ್, ಒಮ್ಮೊಮ್ಮೆ ಸಲಹೆಗಾರ ಆಗಬೇಕು ಅಂತ ಜೇನೀನ್ ಬರ್ನಾರ್ಡ್ 1979ರಲ್ಲಿ ಹೇಳಿದರು. ಮೇಲಿನ ಉದಾಹರಣೆಯಲ್ಲಿ ಮೂರೂ ಇವೆ.

ಪುಸ್ತಕದಲ್ಲಿ ಮೌನದ ಬಗ್ಗೆ ಒಂದು ಅಧ್ಯಾಯ ಓದಬಹುದು, ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ತೆಗೆಯಬಹುದು. ನಿಮ್ಮದೇ ಧ್ವನಿ ಆ ಮೌನವನ್ನು ಮುರಿಯುವುದನ್ನು ಇನ್ನೊಬ್ಬರ ಜೊತೆ ಕೂತು ಕೇಳಿಸಿಕೊಳ್ಳುವುದೇ ಬೇರೆ.

ರೆಕಾರ್ಡ್ ಮಾಡಲು ಕ್ಲೈಂಟ್ ಒಪ್ಪುತ್ತಾರಾ?

ಸರಿಯಾಗಿ ಹೇಳಿದರೆ ಅನೇಕರು ಒಪ್ಪುತ್ತಾರೆ. ಯಾಕೆ ರೆಕಾರ್ಡ್ ಮಾಡುತ್ತೇವೆ, ಯಾರು ಕೇಳುತ್ತಾರೆ, ಎಲ್ಲಿ ಇಡುತ್ತೇವೆ, ಯಾವಾಗ ಅಳಿಸುತ್ತೇವೆ ಎಲ್ಲ ಬರೆದು ಸಹಿ ತೆಗೆದುಕೊಳ್ಳಬೇಕು. ಬೇಡ ಅಂದರೆ ಬೇಡ. ಬೇಡ ಅಂದದ್ದಕ್ಕೆ ಸೇವೆ ಕಡಿಮೆ ಆಗಬಾರದು. ನಾನಿನ್ನೂ ವಿದ್ಯಾರ್ಥಿ ಅನ್ನುವುದನ್ನೂ ಮೊದಲೇ ಹೇಳಬೇಕು, ಮುಚ್ಚಿಡಬಾರದು.

ಇದು ಹೊಸ ಪದ್ಧತಿ ಏನಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಧ್ವನಿಮುದ್ರಿಕೆಯ ತಟ್ಟೆಗಳ ಕಾಲದಲ್ಲೇ ಸೆಷನ್‌ಗಳನ್ನು ರೆಕಾರ್ಡ್ ಮಾಡಿಸಿದರು. 1942ರಲ್ಲಿ ಒಂದು ಕೇಸಿನ ಸೆಷನ್‌ಗಳನ್ನು ಶುರುವಿನಿಂದ ಕೊನೆವರೆಗೆ, ಮಾತಿಗೆ ಮಾತು ಅಚ್ಚು ಹಾಕಿಸಿದರು. ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತದೆ ಅಂತ ಬೇರೆಯವರು ನೋಡಿ ಕಲಿಯಲು ದಾರಿಯಾದದ್ದು ಇಂಥ ಕೆಲಸಗಳಿಂದ.

ಯಾವ ಥೆರಪಿ ಕಲಿತರೆ ಒಳ್ಳೆಯದು? ಸಿಬಿಟಿ ಒಂದೇ ಸಾಕಾ?

ಕೋರ್ಸ್‌ನಲ್ಲಿ ನಾಲ್ಕೈದು ಪಂಥಗಳ ಪರಿಚಯ ಆಗುತ್ತದೆ. ಫ್ರಾಯ್ಡ್‌ನಿಂದ ಬೆಳೆದ ಮನೋವಿಶ್ಲೇಷಣೆ, ರೋಜರ್ಸ್ ಅವರ ವ್ಯಕ್ತಿ ಕೇಂದ್ರಿತ ವಿಧಾನ, ಏರನ್ ಬೆಕ್ 1960ರ ದಶಕದಲ್ಲಿ ಶುರುಮಾಡಿದ ಯೋಚನೆಗಳ ಮೇಲೆ ಕೆಲಸ ಮಾಡುವ ಥೆರಪಿ (ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಬೆಳೆದದ್ದು ಇದರಿಂದ), ಕುಟುಂಬ ಥೆರಪಿ, ಹೀಗೆ. ಸಿಬಿಟಿಗೆ ಸಂಶೋಧನೆಯ ಬೆಂಬಲ ದೊಡ್ಡದು, ವಿಶೇಷವಾಗಿ ಆತಂಕ ಮತ್ತು ಖಿನ್ನತೆಯಲ್ಲಿ. ಕಲಿಯಲು ರಚನೆಯೂ ಸ್ಪಷ್ಟ. ಹೊಸಬರಿಗೆ ಹಿಡಿದುಕೊಳ್ಳಲು ಏನಾದರೂ ಬೇಕು, ಅದಕ್ಕೆ ಒಳ್ಳೆಯದೇ.

ಆದರೆ ಯಾವ ಪಂಥವೇ ಇರಲಿ, ಕೌನ್ಸೆಲರ್ ಮತ್ತು ಕ್ಲೈಂಟ್ ನಡುವಿನ ಸಂಬಂಧ ಗಟ್ಟಿಯಾಗಿದ್ದರೆ ಫಲಿತಾಂಶವೂ ಚೆನ್ನಾಗಿರುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಂಡುಬಂದ ವಿಷಯ. ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಈ ಸಂಬಂಧವನ್ನು ಮೂರಾಗಿ ಬಿಡಿಸಿದರು: ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಇಬ್ಬರ ಒಪ್ಪಿಗೆ, ಅದಕ್ಕೆ ಏನು ಮಾಡಬೇಕು ಅನ್ನುವುದರಲ್ಲಿ ಒಪ್ಪಿಗೆ, ಮತ್ತು ಇಬ್ಬರ ನಡುವಿನ ನಂಬಿಕೆ. ನೀವು ಸಿಬಿಟಿ ವರ್ಕ್‌ಶೀಟ್ ತುಂಬಾ ಚೆನ್ನಾಗಿ ವಿವರಿಸಬಹುದು. ಕ್ಲೈಂಟ್‌ಗೆ ಬೇಕಿದ್ದದ್ದು ತೀರಿಕೊಂಡ ತಂಗಿಯ ಬಗ್ಗೆ ಮಾತಾಡಲು ಒಂದು ಜಾಗ ಆಗಿದ್ದರೆ, ಆ ಹಾಳೆ ಸುಮ್ನೆ ಚೀಲದಲ್ಲಿ ಉಳಿಯುತ್ತದೆ.

ನನ್ನ ಸಲಹೆ: ಕಲಿಯುವಾಗ ಒಂದು ಪಂಥವನ್ನು ಆಳವಾಗಿ ಹಿಡಿಯಿರಿ. ಎಲ್ಲದರಿಂದ ಚೂರು ಚೂರು ತೆಗೆದುಕೊಳ್ಳುವುದು ಮೊದಲ ವರ್ಷದ ಕೆಲಸವಲ್ಲ.

ನಾನೇ ಕೌನ್ಸೆಲಿಂಗ್‌ಗೆ ಹೋಗಬೇಕಾ?

ಕೆಲವು ಕೋರ್ಸ್‌ಗಳು ಕಡ್ಡಾಯ ಮಾಡುತ್ತವೆ, ಕೆಲವು ಸಲಹೆ ಕೊಡುತ್ತವೆ. ಕೇಕ್ರೆಪ್ ಕೋರ್ಸ್‌ಗಳಲ್ಲಿ ವಿದ್ಯಾರ್ಥಿಗಳು ಕನಿಷ್ಠ 10 ಗಂಟೆ ಒಂದು ಚಿಕ್ಕ ಗುಂಪಿನ ಸದಸ್ಯರಾಗಿ ಕೂರಬೇಕು. ಕಡ್ಡಾಯ ಇಲ್ಲದಿದ್ದರೂ ಹೋಗಿ ಅಂತಲೇ ನಾನು ಹೇಳುವುದು. ಎದುರಿನ ಕುರ್ಚಿಯಲ್ಲಿ ಕೂತು, ಹೇಳಬೇಕೋ ಬೇಡವೋ ಅಂತ ಒದ್ದಾಡಿದ ಅನುಭವ ಇದ್ದವರು ಕ್ಲೈಂಟ್‌ಗೆ ಅವಸರ ಮಾಡುವುದಿಲ್ಲ.

ನನಗೆ ಹಿಂದೆ ಖಿನ್ನತೆ ಇತ್ತು. ಇದು ಅಡ್ಡಿ ಆಗುತ್ತಾ?

ಅದೊಂದೇ ಕಾರಣಕ್ಕೆ ಅಡ್ಡಿ ಆಗಬೇಕಿಲ್ಲ. ಈ ವೃತ್ತಿಗೆ ಬರುವ ಅನೇಕರು ಸ್ವಂತ ನೋವು ದಾಟಿ ಬಂದವರೇ. ನೋಡಬೇಕಾದದ್ದು ಈಗ ಹೇಗಿದ್ದೀರಿ, ನೆರವು ಬೇಕಾದಾಗ ಕೇಳುತ್ತೀರಾ, ನಿಮ್ಮ ಕಥೆಯನ್ನು ಕ್ಲೈಂಟ್ ಮೇಲೆ ಹೊರಿಸದೆ ಇರಬಲ್ಲಿರಾ ಅಂತ. ನಿಮಗೆ ಆದದ್ದೇ ಎದುರಿನವರಿಗೂ ಆಗಿದೆ ಅನ್ನಿಸುವ ಸೆಷನ್‌ಗಳು ಬರುತ್ತವೆ, ಖಂಡಿತ. ಅಂಥವನ್ನು ನೇರವಾಗಿ ಸೂಪರ್‌ವಿಷನ್‌ಗೆ ತನ್ನಿ.

ಈಗಷ್ಟೇ ದೊಡ್ಡ ಪೆಟ್ಟು ಬಿದ್ದಿದ್ದರೆ, ಅಂದರೆ ಯಾರನ್ನೋ ಕಳೆದುಕೊಂಡಿದ್ದರೆ ಅಥವಾ ಕಾಯಿಲೆಯಿಂದ ಏಳುತ್ತಿದ್ದರೆ, ಒಂದು ವರ್ಷ ತಡವಾಗಿ ಸೇರುವುದರಲ್ಲಿ ನಷ್ಟವಿಲ್ಲ.

ಕ್ಲೈಂಟ್ ಆತ್ಮಹತ್ಯೆಯ ಮಾತಾಡಿದರೆ ಏನು ಮಾಡುವುದು? ಇದೇ ನನಗೆ ದೊಡ್ಡ ಭಯ.

ಎಲ್ಲ ವಿದ್ಯಾರ್ಥಿಗಳಿಗೂ ಇರುವ ಭಯ. ಮೊದಲ ಕ್ಲೈಂಟ್ ನೋಡುವ ಮುಂಚೆಯೇ ಇದರ ತರಬೇತಿ ಆಗಿರಬೇಕು. ಆಗಿಲ್ಲ ಅಂದರೆ ಕೇಳಿ ಪಡೆಯಿರಿ.

ಮೊದಲು ಕಲಿಸುವುದು ನೇರವಾಗಿ ಕೇಳುವುದನ್ನು. "ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?" ಹೀಗೆ, ಸುತ್ತಿ ಬಳಸದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ಹೆದರುವವರಿದ್ದಾರೆ. ಸಂಶೋಧನೆಗಳು ಹಾಗೆ ತೋರಿಸಿಲ್ಲ. ಎಷ್ಟೋ ಜನಕ್ಕೆ ಕೊನೆಗೂ ಯಾರೋ ಕೇಳಿದರಲ್ಲ ಅಂತ ಹಗುರ ಆಗುತ್ತದೆ.

ಆಮೇಲೆ ಅಪಾಯ ಎಷ್ಟು ಹತ್ತಿರ ಇದೆ ಅಂತ ತಿಳಿಯುವುದು, ಕ್ಲೈಂಟ್ ಜೊತೆ ಕೂತು ಸುರಕ್ಷತಾ ಯೋಜನೆ ಬರೆಯುವುದು. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಯೋಜನೆಯಲ್ಲಿ ಆರು ಹಂತ: ಅಪಾಯದ ಮುನ್ಸೂಚನೆ ಏನು, ಆಗ ಒಬ್ಬರೇ ಏನು ಮಾಡಿಕೊಳ್ಳಬಹುದು, ಮನಸ್ಸು ಬೇರೆ ಕಡೆ ಹರಿಯಲು ಯಾರ ಹತ್ತಿರ ಅಥವಾ ಎಲ್ಲಿಗೆ ಹೋಗಬಹುದು, ಸಹಾಯ ಕೇಳಲು ಆಗುವವರು ಯಾರು, ಯಾವ ವೃತ್ತಿಪರರು ಮತ್ತು ತುರ್ತು ಸಹಾಯವಾಣಿ, ಮನೆಯನ್ನು ಸುರಕ್ಷಿತ ಮಾಡುವುದು ಹೇಗೆ. ಇದನ್ನು ಕ್ಲೈಂಟ್‌ನ ಮಾತಿನಲ್ಲೇ, ಕ್ಲೈಂಟ್ ಕೈಗೆ ಸಿಗುವ ಹಾಗೆ ಬರೆಯಬೇಕು.

ಇನ್ನೊಂದು ಮುಖ್ಯ ಮಾತು: ವಿದ್ಯಾರ್ಥಿ ಈ ಭಾರ ಒಬ್ಬನೇ ಹೊರಬಾರದು. ಸೆಷನ್ ನಡೆಯುವ ಹೊತ್ತಿನಲ್ಲಿ ಫೋನಿಗೆ ಸಿಗುವ ಸೂಪರ್‌ವೈಸರ್ ಇರಲೇಬೇಕು. ಅಂಥ ವ್ಯವಸ್ಥೆ ಇಲ್ಲದ ಕಡೆ ಇಂಟರ್ನ್‌ಶಿಪ್ ಮಾಡಬೇಡಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಕ್ಲೈಂಟ್ ಹೇಳಿದ್ದನ್ನೆಲ್ಲ ಗುಟ್ಟಾಗಿ ಇಡಬೇಕಾ?

ಹೌದು, ಆದರೆ ಮಿತಿಗಳಿವೆ. ಜೀವಕ್ಕೆ ಅಪಾಯ, ಮಕ್ಕಳ ಮೇಲಿನ ದೌರ್ಜನ್ಯ, ನ್ಯಾಯಾಲಯದ ಆದೇಶ: ಇಂಥ ಕಡೆ ಹೇಳಲೇಬೇಕಾಗಬಹುದು. 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಟರಾಸಾಫ್ ಪ್ರಕರಣದಲ್ಲಿ, ಕ್ಲೈಂಟ್‌ನಿಂದ ಇನ್ನೊಬ್ಬರ ಜೀವಕ್ಕೆ ಗಂಭೀರ ಅಪಾಯ ಇದ್ದರೆ ಅವರನ್ನು ಕಾಪಾಡಲು ಕ್ರಮ ತೆಗೆದುಕೊಳ್ಳುವ ಹೊಣೆ ಥೆರಪಿಸ್ಟ್ ಮೇಲಿದೆ ಎಂದಿತು. ಆ ತೀರ್ಪನ್ನು ಇವತ್ತಿಗೂ ನೀತಿಶಾಸ್ತ್ರದ ಪಾಠದಲ್ಲಿ ಓದಿಸುತ್ತಾರೆ. ಎಲ್ಲ ದೇಶಗಳ ಕಾನೂನು ಹೀಗೇ ಇಲ್ಲ, ನಿಮ್ಮ ಕಡೆಯದನ್ನು ಕಲಿಯಬೇಕು. ಮಿತಿಗಳನ್ನು ಮೊದಲ ಸೆಷನ್‌ನಲ್ಲೇ ಕ್ಲೈಂಟ್‌ಗೆ ಹೇಳುವುದು ಮಾತ್ರ ಎಲ್ಲ ಕಡೆ ಒಂದೇ.

ಓದುವ ಭಾಷೆ ಒಂದು, ಕ್ಲೈಂಟ್ ಭಾಷೆ ಇನ್ನೊಂದು ಆದರೆ?

ತುಂಬ ಜನ ಎದುರಿಸುವ ಕಷ್ಟ. ಪರಿಭಾಷೆ ಎಲ್ಲ ಒಂದು ಭಾಷೆಯಲ್ಲಿ ಕಲಿತು, ದುಃಖವನ್ನು ಇನ್ನೊಂದರಲ್ಲಿ ಕೇಳಬೇಕಾಗುತ್ತದೆ. ಕ್ಲೈಂಟ್ ಭಾಷೆಯಲ್ಲೇ ರೋಲ್ ಪ್ಲೇ ಮಾಡಿ, ಆ ಭಾಷೆ ಬಲ್ಲ ಸೂಪರ್‌ವೈಸರ್ ಹತ್ತಿರ ಕೆಲವು ಸೆಷನ್ ಆದರೂ ತೋರಿಸಿ. ಇದಕ್ಕೆ ಅವಕಾಶ ಇದೆಯಾ ಅಂತ ಸೇರುವ ಮುಂಚೆ ಕೇಳಿ.

ಆನ್‌ಲೈನ್ ಸ್ನಾತಕೋತ್ತರ ಪದವಿಗೆ ಬೆಲೆ ಇದೆಯಾ?

ಥಿಯರಿ ಆನ್‌ಲೈನ್‌ನಲ್ಲಿ ಚೆನ್ನಾಗಿಯೇ ಕಲಿಯಬಹುದು. ಕೇಕ್ರೆಪ್ ಮಾನ್ಯತೆ ಇರುವ ಆನ್‌ಲೈನ್ ಕೋರ್ಸ್‌ಗಳೂ ಇವೆ. ಆದರೆ ಅವುಗಳಲ್ಲೂ ಪ್ರಾಕ್ಟಿಕಮ್, ಇಂಟರ್ನ್‌ಶಿಪ್ ಗಂಟೆಗಳು ಅಷ್ಟೇ. ಅಲ್ಲಿ ಸಾಮಾನ್ಯವಾಗಿ ಕಷ್ಟ ಆಗುವುದು ನಿಮ್ಮ ಊರಲ್ಲಿ ಇಂಟರ್ನ್‌ಶಿಪ್ ಜಾಗ ಯಾರು ಹುಡುಕಿಕೊಡುತ್ತಾರೆ ಅನ್ನುವುದು. "ನೀವೇ ಹುಡುಕಿಕೊಳ್ಳಿ" ಅಂದರೆ ಸೇರುವ ಮುಂಚೆಯೇ ಹುಡುಕಿ ನೋಡಿ.

ಎರಡು ದಿನದ, ಒಂದು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮಾಡಿ ಕೌನ್ಸೆಲರ್ ಆಗಬಹುದಾ?

ಆಗಬಾರದು. ಆಸಕ್ತಿ ಇದೆಯೋ ಇಲ್ಲವೋ ನೋಡಲು, ಶಿಕ್ಷಕರು ಅಥವಾ ಸ್ವಯಂಸೇವಕರು ಕೇಳಿಸಿಕೊಳ್ಳುವುದನ್ನು ಕಲಿಯಲು ಅಂಥವು ಒಳ್ಳೆಯದು. ಅದನ್ನು ಗೋಡೆಗೆ ಹಾಕಿ ಜನರ ಆಘಾತವನ್ನು ಕೆದಕಲು ಹೋದರೆ ಮತ್ತೆ ಮುಚ್ಚಲು ಬರುವುದಿಲ್ಲ. ತೊಂದರೆ ಅನುಭವಿಸುವವರು ಕ್ಲೈಂಟ್.

ಲೈಸೆನ್ಸ್ ಬೇಕಾ?

ದೇಶಕ್ಕೊಂದು ನಿಯಮ. ಅಮೆರಿಕದಲ್ಲಿ ರಾಜ್ಯಗಳು ಲೈಸೆನ್ಸ್ ಕೊಡುತ್ತವೆ. ಮೊದಲು ಕಾನೂನು ಮಾಡಿದ್ದು ವರ್ಜೀನಿಯಾ, 1976ರಲ್ಲಿ. ಕೊನೆಯದು ಕ್ಯಾಲಿಫೋರ್ನಿಯಾ, 2009ರಲ್ಲಿ. ಪದವಿ ಆದಮೇಲೂ ಸೂಪರ್‌ವಿಷನ್ ಅಡಿಯಲ್ಲಿ ಸಾವಿರಾರು ಗಂಟೆ ಕೆಲಸ ಮಾಡಬೇಕು, ಅನೇಕ ರಾಜ್ಯಗಳಲ್ಲಿ 3,000 ಗಂಟೆಯ ಆಸುಪಾಸು. ಜೊತೆಗೆ ಪರೀಕ್ಷೆ. ಬ್ರಿಟನ್ನಿನಲ್ಲಿ ಕೌನ್ಸೆಲರ್ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಇಲ್ಲ, ಹಾಗಾಗಿ ಬಿಎಸಿಪಿಯಂಥ ಸಂಸ್ಥೆಗಳ ನೋಂದಣಿಯನ್ನೇ ಉದ್ಯೋಗ ಕೊಡುವವರು ನೋಡುತ್ತಾರೆ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆ. ಕೌನ್ಸೆಲಿಂಗ್ ಸೇರಿದಂತೆ ವರ್ತನಾ ಆರೋಗ್ಯದ ಹಲವು ವೃತ್ತಿಗಳನ್ನು 2021ರ ಹೊಸ ಕಾಯ್ದೆಯೊಂದು ತನ್ನ ವ್ಯಾಪ್ತಿಗೆ ತಂದಿದೆ.

ಒಂದು ದೇಶದ ಪದವಿ ಇನ್ನೊಂದರಲ್ಲಿ ತಾನಾಗಿಯೇ ನಡೆಯುವುದಿಲ್ಲ. ಹೊರಗೆ ಹೋಗುವ ಯೋಚನೆ ಇದ್ದರೆ ಸಿಲಬಸ್, ಗಂಟೆಗಳ ಲೆಕ್ಕ, ಸೂಪರ್‌ವೈಸರ್ ಸಹಿ ಇರುವ ಹಾಳೆ ಎಲ್ಲದರ ಪ್ರತಿ ಜೋಪಾನವಾಗಿ ಇಟ್ಟುಕೊಳ್ಳಿ. ವರ್ಷಗಳ ನಂತರ ಕೇಳುತ್ತಾರೆ, ಆಗ ಸಹಿ ಹಾಕಿದವರು ಅಲ್ಲಿ ಇರುವುದಿಲ್ಲ.

ಪಾಸಾಗುವಷ್ಟು ಅಂಕ ಇದ್ದರೂ ಕೋರ್ಸ್‌ನಿಂದ ಹೊರಗೆ ಕಳಿಸುತ್ತಾರಂತೆ. ನಿಜವಾ?

ನಿಜ. ಅಪರೂಪ, ಆದರೆ ಆಗುತ್ತದೆ. ಗುಟ್ಟು ಬಯಲು ಮಾಡುವುದು, ಕ್ಲೈಂಟ್ ಜೊತೆ ಗಡಿ ಮೀರುವುದು, ಯಾರು ಏನು ಹೇಳಿದರೂ ಒಪ್ಪದಿರುವುದು, ಕೆಲವು ಥರದ ಜನರಿಗೆ ನಾನು ಸಹಾಯ ಮಾಡುವುದಿಲ್ಲ ಎನ್ನುವುದು, ಇವೆಲ್ಲ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್‌ನ 2014ರ ನೀತಿಸಂಹಿತೆ ಕ್ಲೈಂಟ್ ಜೊತೆ ಪ್ರಣಯ ಅಥವಾ ಲೈಂಗಿಕ ಸಂಬಂಧವನ್ನು ಪೂರ್ತಿ ನಿಷೇಧಿಸುತ್ತದೆ. ಕೌನ್ಸೆಲಿಂಗ್ ಮುಗಿದ ಮೇಲೂ ಐದು ವರ್ಷ ಅದೇ ನಿಷೇಧ.

ಒಳ್ಳೆಯ ಕೋರ್ಸ್ ಮೊದಲು ತಿಳಿಹೇಳುತ್ತದೆ, ತಿದ್ದಿಕೊಳ್ಳಲು ಲಿಖಿತ ಯೋಜನೆ ಮತ್ತು ಸಮಯ ಕೊಡುತ್ತದೆ, ಆಮೇಲೆ ತೀರ್ಮಾನಿಸುತ್ತದೆ. ವಿದ್ಯಾರ್ಥಿಗೆ ಇದು ನೋವಿನ ವಿಷಯ. ಹಾಗಿದ್ದರೂ ಬಾಗಿಲ ಹತ್ತಿರ ಯಾರಾದರೂ ನಿಲ್ಲಲೇಬೇಕು, ಯಾಕೆಂದರೆ ಕಷ್ಟದಲ್ಲಿ ಬರುವ ಕ್ಲೈಂಟ್‌ಗೆ ಯಾರು ಹೇಗೆ ಅಂತ ಅಳೆದು ನೋಡುವ ಶಕ್ತಿ ಆ ಹೊತ್ತಿಗೆ ಇರುವುದಿಲ್ಲ.

ವಯಸ್ಸು ನಲವತ್ತು ದಾಟಿದೆ. ತಡ ಆಯ್ತಾ?

ಇಲ್ಲ. ಇದು ವಯಸ್ಸಾದಷ್ಟೂ ಕೆಲಸಕ್ಕೆ ಬರುವ ವೃತ್ತಿ.

ಅಡ್ಮಿಷನ್ ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ?

ಯಾಕೆ ಈ ಕೆಲಸ ಅಂತ ಕೇಳುತ್ತಾರೆ. "ಜನರಿಗೆ ಸಹಾಯ ಮಾಡಬೇಕು" ಅಂತ ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಅದರಿಂದ ನೀವು ಯಾರು ಅಂತ ತಿಳಿಯುವುದಿಲ್ಲ. ನಿಮ್ಮ ಬಗ್ಗೆ ಯಾರೋ ಹೇಳಿದ ಕಹಿ ಮಾತು ಕೇಳಿ ನೀವು ಬದಲಾದ ಸಂದರ್ಭ, ನಿಮಗೆ ಒಪ್ಪಿಗೆಯಾಗದ ಬದುಕು ನಡೆಸುವವರ ಜೊತೆ ಹೇಗೆ ಇರುತ್ತೀರಿ ಅನ್ನುವುದು, ಇಂಥವನ್ನು ಹೇಳಿ. ಕೆಲವು ಕಡೆ ಗುಂಪಾಗಿ ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ನೋಡುವುದು ಯಾರು ಜಾಸ್ತಿ ಮಾತಾಡಿದರು ಅಂತ ಅಲ್ಲ. ಬೇರೆಯವರು ಮಾತಾಡುವಾಗ ನೀವು ಹೇಗೆ ಕೂತಿದ್ದಿರಿ ಅಂತ.

ಸಂಬಳ ಹೇಗೆ?

ಮೊದಲ ಕೆಲವು ವರ್ಷ ಸಾಧಾರಣ. ಶಾಲೆ, ಆಸ್ಪತ್ರೆ, ಸಂಸ್ಥೆಗಳಲ್ಲಿ ಸಂಬಳ ನಿಶ್ಚಿತ. ಸ್ವಂತ ಪ್ರಾಕ್ಟೀಸ್ ಕಟ್ಟಲು ಸಮಯ ಬೇಕು. ಸೂಪರ್‌ವಿಷನ್, ಮುಂದಿನ ತರಬೇತಿಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಎಸಿಪಿಯ ಮಾನ್ಯತೆ ಪಡೆದ ಕೌನ್ಸೆಲರ್‌ಗಳು ಕೆಲಸ ಮಾಡುವಷ್ಟು ಕಾಲವೂ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಪಡೆಯಬೇಕು.

ಕೊನೆಗೆ, ಕೋರ್ಸ್ ಆರಿಸುವಾಗ ಕಾಲೇಜಿನವರನ್ನು ಏನು ಕೇಳಲಿ?

ಬ್ರೋಷರ್ ಪಕ್ಕಕ್ಕಿಟ್ಟು ಫೋನ್ ಮಾಡಿ ಕೇಳಿ. ನೇರ ಕ್ಲೈಂಟ್ ಗಂಟೆ ಎಷ್ಟು? ವಾರಕ್ಕೆ ಎಷ್ಟು ಹೊತ್ತು ಸೂಪರ್‌ವಿಷನ್, ಒಬ್ಬ ಸೂಪರ್‌ವೈಸರ್‌ಗೆ ಎಷ್ಟು ವಿದ್ಯಾರ್ಥಿಗಳು? ಅವರು ಸೆಷನ್ ರೆಕಾರ್ಡಿಂಗ್ ಕೇಳುತ್ತಾರಾ, ಇಲ್ಲಾ ನಾವು ಬಾಯಲ್ಲಿ ಹೇಳಿದ್ದನ್ನು ಕೇಳಿ ಮುಗಿಸುತ್ತಾರಾ? ಕಲಿಸುವವರು ಈಗಲೂ ಕ್ಲೈಂಟ್‌ಗಳನ್ನು ನೋಡುತ್ತಾರಾ? ಇಂಟರ್ನ್‌ಶಿಪ್ ಜಾಗ ಕಾಲೇಜು ಕೊಡುತ್ತಾ? ತುರ್ತು ಬಂದಾಗ ಯಾರಿಗೆ ಫೋನ್ ಮಾಡಬೇಕು? ಈ ಪದವಿಯಿಂದ ನಾನು ಕೆಲಸ ಮಾಡುವ ಕಡೆ ನೋಂದಣಿ ಸಿಗುತ್ತಾ, ಅದನ್ನು ಬರವಣಿಗೆಯಲ್ಲಿ ಕೊಡುತ್ತೀರಾ?

ಉತ್ತರ ಕೊಡಲು ತಡಕಾಡಿದರೆ ಅದೂ ಒಂದು ಉತ್ತರ. ಆಮೇಲೆ ಅಲ್ಲೇ ಓದುತ್ತಿರುವ, ಎರಡನೇ ವರ್ಷದ ಯಾರಾದರೂ ಇಬ್ಬರ ಹತ್ತಿರ ಮಾತಾಡಿ. ಕೋರ್ಸ್ ಹೇಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂದುಬಿಡುತ್ತಾರೆ. "ಹೋದ ವಾರದ ಸೂಪರ್‌ವಿಷನ್‌ನಲ್ಲಿ ಏನು ಮಾಡಿದಿರಿ?" ಅಂತ ಕೇಳಿ.